ಸಾಮಾನ್ಯ ಸರ್ವರ್‌ಗಳ ಕ್ಲಸ್ಟರ್ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಹತ್ತಿರ ಬಂತು ಅಂದರೆ ನನಗೆ ಫೋನ್ ಜಾಸ್ತಿ. "ಸಾರ್, ಗ್ರ್ಯಾಂಟ್‌ನಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಒಂದು ಕ್ಲಸ್ಟರ್ ತಗೊಳ್ಳೋಣ ಅಂತ ಇದ್ದೀವಿ. ಯಾವುದು ಒಳ್ಳೇದು?" ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವರ್ಷಗಳಿಂದ ಕ್ಲಸ್ಟರ್ ನೋಡಿಕೊಳ್ಳುತ್ತಿದ್ದೇನೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇನ್ನೂ ಸಿಕ್ಕಿಲ್ಲ. ಹಾಗಾಗಿ ಫೋನಿನಲ್ಲಿ ಹೇಳಿ ಹೇಳಿ ಸಾಕಾದದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

"ಕಮಾಡಿಟಿ ಕ್ಲಸ್ಟರ್" ಅಂದರೆ ನಿಜವಾಗಿ ಏನು?

ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ನಲ್ಲಿ ಜೋಡಿಸಿ, ಒಂದೇ ಲೆಕ್ಕವನ್ನು ಎಲ್ಲದಕ್ಕೂ ಹಂಚಿ ಮಾಡಿಸುವ ವ್ಯವಸ್ಥೆ. 1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಪಿಸಿಗಳನ್ನು ಹೀಗೆ ಜೋಡಿಸಿದರು. ಒಳಗಿದ್ದದ್ದು ಇಂಟೆಲ್ 486 ಚಿಪ್, ಸೆಕೆಂಡಿಗೆ 10 ಮೆಗಾಬಿಟ್ ಈಥರ್‌ನೆಟ್, ಮೇಲೆ ಲಿನಕ್ಸ್. ಹೆಸರು ಬೇವುಲ್ಫ್. ಇವತ್ತು ನೀವು ಕೊಟೇಶನ್ ತರಿಸುವ ಕ್ಲಸ್ಟರ್‌ಗಳೆಲ್ಲ ಅದರ ಮರಿಮಕ್ಕಳೇ.

ನಮ್ಮ ಕಡೆಯ ಕಥೆ ಅದಕ್ಕೂ ಹಳೆಯದು. ಬೆಂಗಳೂರಿನ ವಿಮಾನ ಸಂಶೋಧನಾ ಕೇಂದ್ರ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಓಡಿತ್ತು. ಗಾಳಿ, ನೀರು ಹರಿಯುವ ಸಮೀಕರಣ ಬಿಡಿಸುವ ಪ್ಯಾರಲಲ್ ಯಂತ್ರ ಅದು, ಹೆಸರಲ್ಲೇ ಕೆಲಸ ಇದೆ. ಅದನ್ನು ಅಂಗಡಿಯಿಂದ ತಂದದ್ದಲ್ಲ, ಅಲ್ಲೇ ಕಟ್ಟಿದ್ದು. ಪಿಸಿ ಸರ್ವರ್‌ಗಳ ಕ್ಲಸ್ಟರ್‌ಗೆ ಉದಾಹರಣೆ ಬೇಕಿದ್ದರೆ 2004ರಲ್ಲಿ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲಿ ಎದ್ದ ಕಬ್ರು. 144 ನೋಡ್ (ಜೋಡಿಸಿದ ಒಂದೊಂದು ಕಂಪ್ಯೂಟರ್‌ಗೆ ನೋಡ್ ಅನ್ನುತ್ತಾರೆ), ಪ್ರತಿಯೊಂದರಲ್ಲೂ ಎರಡು ಝಿಯಾನ್ ಚಿಪ್.

ನನಗೆ ಕ್ಲಸ್ಟರ್ ಬೇಕೇ ಬೇಕಾ?

ಬೇಡದೇ ಇರಬಹುದು. ಬೇವುಲ್ಫ್ ಕಾಲದಲ್ಲಿ ಒಂದು ಪೆಟ್ಟಿಗೆಗೆ ಒಂದು ಕೋರ್, ಅಂದರೆ ಲೆಕ್ಕ ಮಾಡುವ ಒಂದು ಘಟಕ. ಈಗ ಒಂದೇ ಸರ್ವರ್‌ನಲ್ಲಿ 64, 128 ಕೋರ್ ಸಿಗುತ್ತವೆ. ನಿಮ್ಮ ಲೆಕ್ಕ ಒಂದು ಸರ್ವರ್‌ನ ಮೆಮೊರಿಯಲ್ಲಿ ಹಿಡಿಸಿ, ರಾತ್ರಿ ಹಾಕಿದರೆ ಬೆಳಿಗ್ಗೆ ಮುಗಿಯುವಂತಿದ್ದರೆ ಒಂದೇ ಒಂದು ಒಳ್ಳೇ ಸರ್ವರ್ ತಗೊಳ್ಳಿ. ನೆಟ್‌ವರ್ಕ್ ಸ್ವಿಚ್ ಬೇಡ, ರ‍್ಯಾಕ್ ಬೇಡ, ತಲೆನೋವೂ ಬೇಡ.

ಇನ್ನೊಂದು ಬಗೆಯವರಿದ್ದಾರೆ. ಒಂದೇ ಮಾಡೆಲ್ಲನ್ನು ಇನ್ನೂರು ಬೇರೆ ಬೇರೆ ಅಳತೆ ಕೊಟ್ಟು ಓಡಿಸುವವರು. ಪ್ರತಿ ಓಟವೂ ಒಂದೇ ನೋಡ್‌ನಲ್ಲಿ ಮುಗಿಯುತ್ತದೆ, ನೋಡ್‌ಗಳ ನಡುವೆ ಮಾತುಕತೆಯೇ ಇಲ್ಲ. ಇವರಿಗೆ ಹತ್ತು ನೋಡ್ ಬೇಕಾಗಬಹುದು, ಆದರೆ ಇನ್ಫಿನಿಬ್ಯಾಂಡ್ ಅನ್ನುವ ದುಬಾರಿ ವೇಗದ ನೆಟ್‌ವರ್ಕ್ ಖಂಡಿತ ಬೇಡ. ಆ ದುಡ್ಡಿಗೆ ಇನ್ನೊಂದು ನೋಡ್ ಬರುತ್ತದೆ.

ಕೊಟೇಶನ್‌ನಲ್ಲಿ ಬರೆದ ಟೆರಾಫ್ಲಾಪ್ಸ್ ನಂಬಬಹುದಾ?

ಟೆರಾಫ್ಲಾಪ್ಸ್ ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ. ಅದು ಸುಳ್ಳಲ್ಲ. ಆದರೆ ನಿಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಕಮ್ಮಿ.

ಆ ಅಂಕಿ ಬರುವುದು ಹೀಗೆ. ಎರಡು ಚಿಪ್, ಒಂದೊಂದರಲ್ಲಿ 32 ಕೋರ್, 2.5 ಗಿಗಾಹರ್ಟ್ಸ್. ಎವಿಎಕ್ಸ್2 (ಒಂದೇ ಏಟಿಗೆ ಹಲವು ಅಂಕಿ ಲೆಕ್ಕ ಮಾಡುವ ಸೌಲಭ್ಯ) ಇರುವ ಕೋರ್ ಗಡಿಯಾರದ ಪ್ರತಿ ಸುತ್ತಿಗೆ 16 ಡಬಲ್ ಪ್ರಿಸಿಶನ್ (64 ಬಿಟ್ ಅಂಕಿಯ) ಲೆಕ್ಕ ಮಾಡಬಲ್ಲದು. 64ನ್ನು 2.5ರಿಂದ, ಆಮೇಲೆ 16ರಿಂದ ಗುಣಿಸಿ. 2,560 ಗಿಗಾಫ್ಲಾಪ್ಸ್ ಬಂತು. ಕೊಟೇಶನ್‌ನಲ್ಲಿ "2.56 ಟೆರಾಫ್ಲಾಪ್ಸ್ ಪ್ರತಿ ನೋಡ್‌ಗೆ" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಯಂತ್ರವನ್ನು ಆನ್ ಮಾಡದೆ, ಕ್ಯಾಲ್ಕುಲೇಟರ್‌ನಲ್ಲೇ ಬರೆದ ಅಂಕಿ ಅದು.

ಇದಕ್ಕಿಂತ ಮೇಲು ಎಚ್‌ಪಿಎಲ್, ಅಂದರೆ ಲಿನ್‌ಪ್ಯಾಕ್. 1993ರಿಂದ ಲೋಕದ ಅತಿ ವೇಗದ 500 ಯಂತ್ರಗಳ ಟಾಪ್500 ಪಟ್ಟಿ ನಡೆಯುತ್ತಿರುವುದು ಇದರ ಮೇಲೆ. ದೊಡ್ಡದೊಂದು ತುಂಬಿದ ಮ್ಯಾಟ್ರಿಕ್ಸ್ ಬಿಡಿಸುವ ಪರೀಕ್ಷೆ. ಒಮ್ಮೆ ತಂದ ಅಂಕಿಯನ್ನು ಕ್ಯಾಶ್‌ನಲ್ಲಿ, ಅಂದರೆ ಚಿಪ್‌ನೊಳಗಿನ ಪುಟ್ಟ ವೇಗದ ಮೆಮೊರಿಯಲ್ಲಿ, ಇಟ್ಟುಕೊಂಡು ಮತ್ತೆ ಮತ್ತೆ ಬಳಸಬಹುದು, ಹಾಗಾಗಿ ಕೋರ್‌ಗಳಿಗೆ ಹಬ್ಬ. ಆದರೆ ಹರಿವಿನ ಲೆಕ್ಕ, ರಚನೆಯ ಲೆಕ್ಕ, ಹವಾಮಾನದ ಲೆಕ್ಕ ಯಾವುದೂ ಹೀಗಿರುವುದಿಲ್ಲ. ಅಲ್ಲಿ ಮ್ಯಾಟ್ರಿಕ್ಸ್ ತುಂಬ ಸೊನ್ನೆಗಳು, ಬೇಕಾದ ಅಂಕಿಗಳು ಮೆಮೊರಿಯಲ್ಲಿ ಚೆಲ್ಲಾಪಿಲ್ಲಿ. ಇದನ್ನು ಅನುಕರಿಸುವ ಎಚ್‌ಪಿಸಿಜಿ ಅಂತ ಇನ್ನೊಂದು ಪರೀಕ್ಷೆ ಇದೆ. ಜಪಾನಿನ ಫುಗಾಕು ಎಚ್‌ಪಿಎಲ್‌ನಲ್ಲಿ 442 ಪೆಟಾಫ್ಲಾಪ್ಸ್ (ಒಂದು ಪೆಟಾ ಅಂದರೆ ಸಾವಿರ ಟೆರಾ) ತೆಗೆದರೆ ಎಚ್‌ಪಿಸಿಜಿಯಲ್ಲಿ 16. ಅಮೆರಿಕದ ಸಮ್ಮಿಟ್ 148.6 ತೆಗೆದ ಕಡೆ ಇಲ್ಲಿ 2.93. ನೂರಕ್ಕೆ ಎರಡರಿಂದ ನಾಲ್ಕು ಪಾಲು! ಲೋಕದಲ್ಲೇ ಅತಿ ದೊಡ್ಡದಾಗಿದ್ದ ಯಂತ್ರಗಳ ಪಾಡೇ ಇದು. ನಿಮ್ಮ ನಾಲ್ಕು ನೋಡ್‌ಗಳದ್ದು ಬೇರೆ ಇರಲಿಕ್ಕಿಲ್ಲ, ಅಲ್ವಾ?

ಹಾಗಾದರೆ ಏನನ್ನು ಅಳೆಯಬೇಕು?

ನಿಮ್ಮ ಸಾಫ್ಟ್‌ವೇರನ್ನು, ನಿಮ್ಮ ಕೇಸ್ (ನೀವು ಬಿಡಿಸಬೇಕಾದ ಲೆಕ್ಕ) ಹಾಕಿ, ಗೋಡೆ ಗಡಿಯಾರದ ಸಮಯದಲ್ಲಿ.

ಹೋದ ವರ್ಷ ನಿಮ್ಮ ವಿಭಾಗದಲ್ಲಿ ಯಾವ ಯಾವ ಕೆಲಸ ಓಡಿತ್ತು ಅಂತ ನೋಡಿ. ಸ್ಲರ್ಮ್ (ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಸಾಫ್ಟ್‌ವೇರ್) ಇದ್ದರೆ ಅದರ ಲೆಕ್ಕದ ಪುಸ್ತಕದಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಪಿಎಚ್‌ಡಿ ಹುಡುಗರನ್ನು ಕೇಳಿ, ಯಾರ ಕೆಲಸ ಎಷ್ಟು ದಿನ ಹಿಡಿಯಿತು ಅನ್ನುವುದು ಅವರಿಗೆ ಬಾಯಿಪಾಠ ಇರುತ್ತದೆ. ಅದರಲ್ಲಿ ಮೂರು ಕೇಸ್ ಆರಿಸಿ: ದಿನಾ ಓಡುವ ಮಾಮೂಲಿ ಒಂದು, ವರ್ಷಕ್ಕೆರಡು ಸಲ ಓಡುವ ದೊಡ್ಡದೊಂದು, ಮುಂದಿನ ವರ್ಷ ಮಾಡಬೇಕು ಅಂತ ಕನಸು ಕಂಡಿರುವ ಒಂದು. ಪೂರ್ತಿ ಓಡಿಸಬೇಕಾಗಿಲ್ಲ. ನೂರಿನ್ನೂರು ಟೈಮ್‌ಸ್ಟೆಪ್ (ಲೆಕ್ಕ ಮುಂದಿಡುವ ಒಂದೊಂದು ಸಮಯದ ಹೆಜ್ಜೆ) ಸಾಕು. ಶುರುವಿನ ಹತ್ತಿಪ್ಪತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಫೈಲ್ ಓದುವುದು, ಮೆಶ್ (ಲೆಕ್ಕದ ಜಾಗವನ್ನು ಕೋಶಗಳಾಗಿ ಕತ್ತರಿಸಿದ ಬಲೆ) ಹಂಚುವುದು ಎಲ್ಲ ನಡೆಯುತ್ತಿರುತ್ತದೆ.

ಬಹಳಷ್ಟು ಸಾಫ್ಟ್‌ವೇರ್‌ಗಳು ತಮ್ಮ ಲಾಗ್‌ನಲ್ಲೇ ಉತ್ತರ ಬರೆದಿಟ್ಟಿರುತ್ತವೆ. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ಕೊನೆಯ ಸಾಲುಗಳಲ್ಲಿ ದಿನಕ್ಕೆ ಎಷ್ಟು ನ್ಯಾನೋಸೆಕೆಂಡಿನ ಚಲನೆ ಮುಗಿಯುತ್ತದೆ ಅಂತ ಕೊಡುತ್ತದೆ. ಹರಿವಿನ ಲೆಕ್ಕದ ಓಪನ್‌ಫೋಮ್ ಪ್ರತಿ ಸ್ಟೆಪ್ ಮುಗಿದಾಗ ಎರಡು ಸಮಯ ಬರೆಯುತ್ತದೆ: ಎಕ್ಸಿಕ್ಯೂಶನ್ ಟೈಮ್, ಕ್ಲಾಕ್ ಟೈಮ್. ಮೊದಲನೆಯದು ಪ್ರೊಸೆಸರ್ ದುಡಿದ ಹೊತ್ತು, ಎರಡನೆಯದು ನಿಜವಾಗಿ ಕಳೆದ ಹೊತ್ತು. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕ್ಲಾಕ್ ಟೈಮ್ ತುಂಬಾ ಮುಂದೆ ಓಡುತ್ತಿದ್ದರೆ ಪ್ರೊಸೆಸರ್ ಡಿಸ್ಕಿಗಾಗಿ ಕಾಯುತ್ತಿದೆ, ಇಲ್ಲವೇ ಅದೇ ಕೋರ್ ಮೇಲೆ ಇನ್ಯಾರೋ ಕೂತಿದ್ದಾರೆ. ಆದರೆ ಎರಡೂ ಸಮ ಇದೆ ಅಂತ ನೆಟ್‌ವರ್ಕ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಎಂಪಿಐ, ಅಂದರೆ ಪ್ರೊಸೆಸ್‌ಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್, ಸುಮ್ನೆ ಕಾಯುವಾಗಲೂ ಕೋರನ್ನು ತಿರುಗಿಸುತ್ತಲೇ ಇರುತ್ತದೆ, ಆ ಹೊತ್ತೂ ದುಡಿದ ಲೆಕ್ಕಕ್ಕೇ ಸೇರುತ್ತದೆ. ನಾನು ಇದರಲ್ಲಿ ಒಂದು ಸಲ ಚೆನ್ನಾಗಿ ಏಮಾರಿದ್ದೇನೆ.

ಕೊನೆಗೆ ಎಲ್ಲವನ್ನೂ ಒಂದು ಅಳತೆಗೆ ತನ್ನಿ: ದಿನಕ್ಕೆ ಎಷ್ಟು ಕೆಲಸ, ಒಂದು ಕೆಲಸಕ್ಕೆ ಎಷ್ಟು ರೂಪಾಯಿ. 60 ಲಕ್ಷದ ಕ್ಲಸ್ಟರ್ ದಿನಕ್ಕೆ 10 ಕೆಲಸ ಮುಗಿಸುತ್ತದೆ, 45 ಲಕ್ಷದ್ದು 6 ಮುಗಿಸುತ್ತದೆ ಅಂತ ಇಟ್ಟುಕೊಳ್ಳಿ. ಐದು ವರ್ಷ ಬಿಡುವಿಲ್ಲದೆ ಓಡಿದರೆ ಮೊದಲನೆಯದರಲ್ಲಿ ಒಂದು ಕೆಲಸಕ್ಕೆ ಸುಮಾರು 329 ರೂಪಾಯಿ, ಎರಡನೆಯದರಲ್ಲಿ 411. ಬೆಲೆ ಕಡಿಮೆ ಇರುವುದೇ ದುಬಾರಿ ಆಯಿತು.

ಕೋರ್ ಜಾಸ್ತಿ ಇರುವ ಚಿಪ್ ತಗೊಂಡರೆ ಒಳ್ಳೆಯದಲ್ವಾ?

ಮದುವೆ ಊಟ ನೆನಪಿಸಿಕೊಳ್ಳಿ. ಪಂಕ್ತಿಯಲ್ಲಿ 64 ಜನ ಕೂತಿದ್ದಾರೆ, ಬಡಿಸುವವರು ಎಂಟು ಮಂದಿ. ಪಂಕ್ತಿ ಉದ್ದ ಮಾಡಿ 96 ಜನರನ್ನು ಕೂರಿಸಿದರೆ ಊಟ ಬೇಗ ಮುಗಿಯುವುದಿಲ್ಲ. ಎಲೆ ಮುಂದೆ ಕೂತು ಸಾರಿಗೆ ಕಾಯುವವರ ಸಂಖ್ಯೆ ಹೆಚ್ಚಾಗುತ್ತದೆ, ಅಷ್ಟೇ. ಊಟಕ್ಕೆ ಕೂತವರು ಕೋರ್‌ಗಳು, ಬಡಿಸುವವರು ಮೆಮೊರಿ ಚಾನೆಲ್‌ಗಳು, ಅಂದರೆ ಮೆಮೊರಿಯಿಂದ ಚಿಪ್‌ಗೆ ಬರುವ ದಾರಿಗಳು.

ಡಿಡಿಆರ್4-3200 ಬಗೆಯ ಮೆಮೊರಿಯ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಬಡಿಸುತ್ತದೆ. ಎಂಟು ಚಾನೆಲ್‌ಗೆ 204.8. ಡಿಡಿಆರ್5-4800 ಆದರೆ ಚಾನೆಲ್‌ಗೆ 38.4, ಹನ್ನೆರಡು ಚಾನೆಲ್ ಇರುವ ಚಿಪ್‌ಗೆ 460.8. ಹರಿವಿನ ಲೆಕ್ಕ, ಹವಾಮಾನದ ಡಬ್ಲ್ಯುಆರ್‌ಎಫ್ ಮುಂತಾದವು ಈ ಬಡಿಸುವ ವೇಗದ ಮೇಲೇ ನಿಂತಿವೆ. ಗ್ರೋಮ್ಯಾಕ್ಸ್, ಲ್ಯಾಂಪ್ಸ್‌ನಂಥ ಅಣುಗಳ ಲೆಕ್ಕಕ್ಕೆ ಕೋರ್ ವೇಗವೇ ಮುಖ್ಯ, ಮೆಮೊರಿ ಅಷ್ಟು ಕಾಡುವುದಿಲ್ಲ. ಎಲ್ಲ ಕೋರ್‌ಗಳಿಗೆ ದುಡ್ಡು ಸುರಿದು ಮೆಮೊರಿ ಸ್ಲಾಟ್ ಖಾಲಿ ಬಿಟ್ಟ ಕೊಟೇಶನ್ ನೋಡಿದಾಗ ನನಗೆ ನೆನಪಾಗುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಅಳೆಯಲು ಜಾನ್ ಮೆಕಾಲ್ಪಿನ್ ಬರೆದ ಸ್ಟ್ರೀಮ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಅರೇ (ಅಂಕಿಗಳ ಸಾಲು) ಗಾತ್ರ ಕ್ಯಾಶ್‌ಗಿಂತ ಕನಿಷ್ಠ ನಾಲ್ಕು ಪಟ್ಟು ಇರಬೇಕು ಅನ್ನುವುದು ಅದರ ನಿಯಮ. ಇಲ್ಲದಿದ್ದರೆ ಕ್ಯಾಶ್‌ನ ವೇಗ ನೋಡಿ ಮೆಮೊರಿ ಇಷ್ಟು ಚೆನ್ನಾಗಿದೆಯಾ ಅಂತ ಹಿಗ್ಗುತ್ತೀರಿ. ನಾಲ್ಕು ಅಂಕಿ ಬರುತ್ತದೆ, ಕೊನೆಯ ಟ್ರಯಾಡ್ ಸಾಲನ್ನು ನೋಡಿ.

ನಮ್ಮಲ್ಲೇ ನಡೆದದ್ದು ಹೇಳುತ್ತೇನೆ. ಹೊಸ ನೋಡ್‌ಗಳು ಬಂದವು, ಸ್ಟ್ರೀಮ್ ಓಡಿಸಿದರೆ ನಾನು ಅಂದುಕೊಂಡಿದ್ದರ ಅರ್ಧ. ಮೂರು ಸಲ ಓಡಿಸಿದರೂ ಅಷ್ಟೇ. ಕೊನೆಗೆ ಮುಚ್ಚಳ ಬಿಚ್ಚಿ ನೋಡಿದೆ. ಎರಡು ಚಿಪ್, ಹದಿನಾರು ಚಾನೆಲ್, ಅದರಲ್ಲಿ 32 ಜಿಬಿಯ ಮೆಮೊರಿ ಕಡ್ಡಿ ಎಂಟೇ ಎಂಟು. ಅರ್ಧ ಸ್ಲಾಟ್‌ಗಳಲ್ಲಿ ಪ್ಲಾಸ್ಟಿಕ್ ಡಮ್ಮಿ. 16 ಜಿಬಿಯ ಹದಿನಾರು ಹಾಕಿದ್ದರೂ ಅದೇ 256 ಜಿಬಿ ಆಗುತ್ತಿತ್ತು, ವೇಗ ಎರಡು ಪಟ್ಟು ಸಿಗುತ್ತಿತ್ತು. ಸರಬರಾಜು ಮಾಡಿದವರಿಗೆ ಫೋನ್ ಮಾಡಿ ರೇಗಿದೆ. ಅವರು ತಣ್ಣಗೆ ಟೆಂಡರ್ ಓದಿ ಹೇಳಿದರು: "ಸಾರ್, ನೀವು 256 ಜಿಬಿ ಅಂತ ಬರೆದಿದ್ದೀರಿ, 256 ಇದೆ." ಟೆಂಡರ್ ಬರೆದವನು ನಾನೇ. ಅಂದಿನಿಂದ "ಎಲ್ಲ ಚಾನೆಲ್‌ಗೂ ಒಂದೊಂದು ಕಡ್ಡಿ" ಅನ್ನುವ ಸಾಲು ನನ್ನ ಟೆಂಡರ್‌ನಲ್ಲಿ ತಪ್ಪುವುದಿಲ್ಲ.

ನೆಟ್‌ವರ್ಕ್‌ಗೆ ಎಷ್ಟು ದುಡ್ಡು ಹಾಕಬೇಕು?

ಮೊದಲು ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಎಷ್ಟು ಸಾಗುತ್ತದೆ) ಮತ್ತು ಲೇಟೆನ್ಸಿ (ಒಂದು ಸಂದೇಶ ತಲುಪಲು ಎಷ್ಟು ಹೊತ್ತು) ಎರಡನ್ನೂ ಬೇರೆ ಮಾಡಿಕೊಳ್ಳಿ. ಒಂದು ಲಾರಿ ತುಂಬ ತೆಂಗಿನಕಾಯಿ ತರುವುದು ಒಂದು ಲೆಕ್ಕ. ಒಂದೊಂದೇ ನಿಂಬೆಹಣ್ಣು ತರಲು ದಿನಕ್ಕೆ ಸಾವಿರ ಸಲ ಪೇಟೆಗೆ ಹೋಗಿ ಬರುವುದು ಇನ್ನೊಂದು. ಪ್ಯಾರಲಲ್ ಸಾಲ್ವರ್‌ಗಳದ್ದು ಹೆಚ್ಚಾಗಿ ನಿಂಬೆಹಣ್ಣಿನ ವ್ಯಾಪಾರ. ಪ್ರತಿ ಇಟರೇಶನ್‌ನಲ್ಲೂ ಎಲ್ಲ ಪ್ರೊಸೆಸರ್‌ಗಳೂ ಎಂಟು ಬೈಟಿನ ಒಂದು ಮೊತ್ತ ಕೂಡಿಸಲು ಕಾಯಬೇಕು. ಲಾರಿ ಎಷ್ಟು ದೊಡ್ಡದಿದ್ದರೂ ಅಲ್ಲಿ ಪ್ರಯೋಜನ ಇಲ್ಲ.

ಸಾದಾ ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಒಂದು ಚಿಕ್ಕ ಸಂದೇಶ ತಲುಪಲು ಹತ್ತಾರು ಮೈಕ್ರೋಸೆಕೆಂಡ್ ಬೇಕು. ಇನ್ಫಿನಿಬ್ಯಾಂಡ್‌ನಲ್ಲಿ ಒಂದೆರಡು. 50 ಮೈಕ್ರೋಸೆಕೆಂಡ್ ಅಂದರೆ 2.5 ಗಿಗಾಹರ್ಟ್ಸ್ ಕೋರ್‌ನ 1,25,000 ಸುತ್ತುಗಳು. ಅಷ್ಟು ಹೊತ್ತು ಅದು ಕೈಕಟ್ಟಿ ಕೂತಿರುತ್ತದೆ.

ಪರೀಕ್ಷೆಗೆ ಒಹಾಯೋ ಸ್ಟೇಟ್ ಯೂನಿವರ್ಸಿಟಿಯವರ ಒಎಸ್‌ಯು ಮೈಕ್ರೋ ಬೆಂಚ್‌ಮಾರ್ಕ್‌ಗಳು ಸಾಕು. ಎರಡು ನೋಡ್ ನಡುವಿನ ಲೇಟೆನ್ಸಿ ಒಂದೇ ನೋಡಿ ಬಿಡಬೇಡಿ. ಎಲ್ಲರ ಅಂಕಿ ಕೂಡಿಸಿ ಎಲ್ಲರಿಗೂ ಕೊಡುವ ಆಲ್‌ರಿಡ್ಯೂಸ್ ಅನ್ನುವುದನ್ನು ಎಲ್ಲ ನೋಡ್ ಸೇರಿಸಿ ಓಡಿಸಿ. ಒಂದು ಕೇಬಲ್ ಸರಿಯಾಗಿ ಕೂರದಿದ್ದರೂ ಅಲ್ಲಿ ಬಯಲಾಗುತ್ತದೆ.

ನನ್ನ ಅಭಿಪ್ರಾಯ: ಎರಡು ನೋಡ್ ಇದ್ದರೆ ಸ್ವಿಚ್ಚೇ ಬೇಡ, ಎರಡು ಕಾರ್ಡ್ ಒಂದು ಕೇಬಲ್ ಹಾಕಿ ನೇರ ಜೋಡಿಸಿ. ನಾಲ್ಕಕ್ಕಿಂತ ಹೆಚ್ಚು ನೋಡ್ ಮೇಲೆ ಒಂದೇ ಲೆಕ್ಕ ಹಂಚುತ್ತೀರಿ ಅಂದರೆ ಇನ್ಫಿನಿಬ್ಯಾಂಡ್ ಅಥವಾ ಒಳ್ಳೇ ರೋಕಿ (RoCE, ಈಥರ್‌ನೆಟ್ ಮೇಲೇ ಲೇಟೆನ್ಸಿ ತಗ್ಗಿಸುವ ವಿಧಾನ) ಕಾರ್ಡ್‌ಗೆ ಜಿಪುಣತನ ಮಾಡಬೇಡಿ.

ಎಷ್ಟು ನೋಡ್ ತನಕ ಲಾಭ ಸಿಗುತ್ತದೆ?

1967ರಲ್ಲೇ ಜೀನ್ ಆಮ್ಡಾಲ್ ಹೇಳಿದ ಮಾತು. ಪ್ರೋಗ್ರಾಂನ ನೂರಕ್ಕೆ ಐದು ಭಾಗ ಹಂಚಲು ಬರದಿದ್ದರೆ, ಸಾವಿರ ಕೋರ್ ಕೊಟ್ಟರೂ 20 ಪಟ್ಟಿಗಿಂತ ಜಾಸ್ತಿ ವೇಗ ಬರುವುದಿಲ್ಲ. 64 ಕೋರ್‌ಗೆ ಸಿಗುವುದು ಸುಮಾರು 15 ಪಟ್ಟು.

ಅದರ ಮೇಲೆ ಗಡಿಯ ಮಾತು ಬೇರೆ. ಒಂದು ಬದಿಗೆ 100 ಕೋಶಗಳ ಘನ, ಅಂದರೆ ಹತ್ತು ಲಕ್ಷ ಕೋಶ. ಅದರ ಆರು ಮುಖದಲ್ಲಿ ಸೇರಿ 60,000, ಅಂದರೆ ನೂರಕ್ಕೆ 6. ಅದನ್ನೇ 64 ತುಂಡು ಮಾಡಿ. ಪ್ರತಿ ತುಂಡಿನ ಬದಿ 25, ಒಳಗೆ 15,625 ಕೋಶ, ಮುಖಗಳಲ್ಲಿ 3,750. ನೂರಕ್ಕೆ 24 ಆಯಿತು. ತುಂಡು ಸಣ್ಣದಾದಷ್ಟೂ ಪಕ್ಕದ ಮನೆಯವರ ಜೊತೆ ಮಾತು ಜಾಸ್ತಿ, ಮನೆಗೆಲಸ ಕಮ್ಮಿ. ಹರಿವಿನ ಲೆಕ್ಕದಲ್ಲಿ ಕೋರ್‌ಗೆ ಐವತ್ತು ಸಾವಿರ ಕೋಶಕ್ಕಿಂತ ಕೆಳಗೆ ಹೋದರೆ ನಾನು ಎರಡು ಸಲ ಯೋಚಿಸುತ್ತೇನೆ.

ಹಾಗಾಗಿ 1, 2, 4, 8 ನೋಡ್‌ನಲ್ಲಿ ಅದೇ ಕೇಸ್ ಓಡಿಸಿ ಗ್ರಾಫ್ ಹಾಕಿ. ಹೋಲಿಕೆ ಶುರುವಾಗಬೇಕಾದ್ದು ತುಂಬಿದ ಒಂದು ನೋಡ್‌ನಿಂದ, ಒಂದು ಕೋರ್‌ನಿಂದ ಅಲ್ಲ. ಒಂಟಿ ಕೋರ್‌ಗೆ ಇಡೀ ನೋಡ್‌ನ ಮೆಮೊರಿ ಸಿಗುತ್ತದೆ, ಟರ್ಬೋ ವೇಗವೂ ಸಿಗುತ್ತದೆ. ಅದಕ್ಕೆ ಹೋಲಿಸಿದರೆ ಎಂಥ ಒಳ್ಳೇ ಕ್ಲಸ್ಟರೂ ಪೇಲವವಾಗಿ ಕಾಣುತ್ತದೆ.

ಲೈಸೆನ್ಸ್ ಖರ್ಚು ಹೇಗೆ ಲೆಕ್ಕ ಹಾಕೋದು?

ಯಂತ್ರಕ್ಕಿಂತ ಮೊದಲು ಇದನ್ನು ಲೆಕ್ಕ ಹಾಕಿ. ರಚನೆಯ ಲೆಕ್ಕದ ಸಾಫ್ಟ್‌ವೇರ್ ಅಬಾಕಸ್ ಓಡಿಸಲು ಲೈಸೆನ್ಸ್ ಟೋಕನ್ ಬೇಕು, ಕೋರ್ ಸಂಖ್ಯೆಯ 0.422ನೇ ಘಾತವನ್ನು 5ರಿಂದ ಗುಣಿಸಿದಷ್ಟು. 16 ಕೋರ್‌ಗೆ 16 ಟೋಕನ್, 64ಕ್ಕೆ 28. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆನ್ಸಿಸ್‌ನ ಎಚ್‌ಪಿಸಿ ಪ್ಯಾಕ್ ಅನ್ನುವ ಲೈಸೆನ್ಸ್ ಒಂದಕ್ಕೆ 8 ಕೋರ್, ಎರಡಕ್ಕೆ 32, ಮೂರಕ್ಕೆ 128. ನಿಮ್ಮ ಹತ್ತಿರ ಎರಡು ಪ್ಯಾಕ್ ಇದ್ದು ನೋಡ್‌ನಲ್ಲಿ 96 ಕೋರ್ ಇದ್ದರೆ ಎಷ್ಟು ಕೋರ್ ಗೋಡೆ ನೋಡುತ್ತ ಕೂರುತ್ತವೆ ಅಂತ ನೀವೇ ಹೇಳಿ. ಇಂಥವರಿಗೆ ಕೋರ್ ಕಮ್ಮಿ, ಗಿಗಾಹರ್ಟ್ಸ್ ಜಾಸ್ತಿ, ಕ್ಯಾಶ್ ದೊಡ್ಡದು ಇರುವ ಚಿಪ್ಪೇ ಸರಿ.

ಜಿಪಿಯು ಹಾಕಿಸಿದರೆ?

ನಿಮ್ಮ ಸಾಫ್ಟ್‌ವೇರ್‌ನ ನೀವು ಬಳಸುವ ಭಾಗ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೇಲೆ ಓಡುತ್ತದೆಯೇ ಅಂತ ಮೊದಲು ನೋಡಿ. "ಜಿಪಿಯು ಸಪೋರ್ಟ್ ಇದೆ" ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಮಾತು. ಎಷ್ಟೋ ಸಲ ಒಂದೆರಡು ಸಾಲ್ವರ್ ಮಾತ್ರ ಓಡುತ್ತದೆ, ನಿಮ್ಮದು ಓಡುವುದಿಲ್ಲ.

ಗೇಮಿಂಗ್ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ ಅಂತ ಕೇಳುವವರಿಗೆ: ಇತ್ತೀಚಿನ ಜಿಫೋರ್ಸ್ ಕಾರ್ಡ್‌ಗಳಲ್ಲಿ ಡಬಲ್ ಪ್ರಿಸಿಶನ್ ವೇಗ ಸಿಂಗಲ್‌ನ (32 ಬಿಟ್) 64ರಲ್ಲಿ ಒಂದು ಪಾಲು. ಲೆಕ್ಕಕ್ಕೆಂದೇ ಮಾಡಿದ ಎನ್ವಿಡಿಯಾದ ಎ100ನಲ್ಲಿ ಅರ್ಧ. ಗ್ರೋಮ್ಯಾಕ್ಸ್ ಹೆಚ್ಚಾಗಿ ಸಿಂಗಲ್‌ನಲ್ಲೇ ಲೆಕ್ಕ ಮಾಡುವುದರಿಂದ ಗೇಮಿಂಗ್ ಕಾರ್ಡ್‌ನಲ್ಲೂ ಚೆನ್ನಾಗಿ ಓಡುತ್ತದೆ. ಡಬಲ್ ಬೇಕಾದ ರಚನೆಯ ಲೆಕ್ಕಕ್ಕೆ ಅದು ಆಗುವುದಿಲ್ಲ. ಇನ್ನೊಂದು ವಿಷಯ, 40 ಜಿಬಿಯ ಎ100ನ ಮೆಮೊರಿ ಸೆಕೆಂಡಿಗೆ 1,555 ಗಿಗಾಬೈಟ್ ಬಡಿಸುತ್ತದೆ. ಪಂಕ್ತಿಯ ಲೆಕ್ಕದಲ್ಲಿ ನೋಡಿದರೆ ಜಿಪಿಯು ಗೆಲ್ಲುವುದು ಎಷ್ಟೋ ಸಲ ಇದರಿಂದಲೇ.

ಪರೀಕ್ಷೆ ಮಾಡುವಾಗ ಜನ ಮಾಡುವ ತಪ್ಪುಗಳೇನು?

ಪ್ರೊಸೆಸ್‌ಗಳನ್ನು ಕೋರ್‌ಗೆ ಕಟ್ಟಿಹಾಕದೇ ಇರುವುದು. ಬಿಟ್ಟರೆ ಅವು ಒಂದು ಚಿಪ್ಪಿಂದ ಇನ್ನೊಂದಕ್ಕೆ ಅಲೆಯುತ್ತವೆ, ಮೆಮೊರಿ ಅಲ್ಲೇ ಹಿಂದೆ ಉಳಿಯುತ್ತದೆ. ಒಂದೇ ಸಲ ಓಡಿಸಿ ಬರೆದುಕೊಳ್ಳುವುದು ಎರಡನೆಯದು. ಕನಿಷ್ಠ ಮೂರು ಸಲ ಓಡಿಸಿ. ಮೂರೂ ದೂರ ದೂರ ಬಂದರೆ ಮುಂದೆ ಹೋಗಬೇಡಿ, ಕಾರಣ ಹುಡುಕಿ.

ಬೆಳಿಗ್ಗೆ ತಣ್ಣಗಿರುವಾಗ ಒಂದು ಯಂತ್ರ, ಮಧ್ಯಾಹ್ನ ರೂಮು ಕಾದ ಮೇಲೆ ಇನ್ನೊಂದು ಅಂತ ಅಳೆದರೆ ಅದು ಹೋಲಿಕೆ ಅಲ್ಲ. ಬಿಸಿಯಾದರೆ ಚಿಪ್ ತಾನೇ ವೇಗ ತಗ್ಗಿಸುತ್ತದೆ. ಹೈಪರ್‌ಥ್ರೆಡಿಂಗ್ (ಒಂದು ಕೋರನ್ನು ಎರಡರಂತೆ ತೋರಿಸುವುದು) ಇರಲಿ ಬೇಡ ಅನ್ನುವುದನ್ನೂ ಓಡಿಸಿಯೇ ತೀರ್ಮಾನಿಸಿ. ನಾವು ಆಫ್ ಮಾಡಿಯೇ ಇಡುತ್ತೇವೆ.

ಕಂಪೈಲರ್ ಮತ್ತು ಎಂಪಿಐ ಎರಡೂ ಕಡೆ ಒಂದೇ ಇರಬೇಕಾ ಅಂತ ಕೇಳುತ್ತಾರೆ. ಇರಬೇಕಾಗಿಲ್ಲ. ಆಯಾ ಚಿಪ್‌ಗೆ ಒಳ್ಳೆಯದು ಯಾವುದೋ ಅದನ್ನೇ ಬಳಸಲಿ, ಆದರೆ ಆವೃತ್ತಿ, ಆಯ್ಕೆಗಳು ಎಲ್ಲವನ್ನೂ ಬರೆದುಕೊಡಲಿ. ನಾಳೆ ನಿಮ್ಮ ರೂಮಿನಲ್ಲಿ ಅದೇ ಅಂಕಿ ಬರದಿದ್ದರೆ ಆ ಕಾಗದವೇ ಕೈಹಿಡಿಯುವುದು.

ಎರಡು ಕ್ಲಸ್ಟರ್‌ನಲ್ಲಿ ಉತ್ತರ ಸ್ವಲ್ಪ ಬೇರೆ ಬಂತು. ಯಾವುದು ತಪ್ಪು?

ಎರಡೂ ಸರಿ ಇರಬಹುದು. ಕಂಪ್ಯೂಟರ್‌ನಲ್ಲಿ 0.1, 0.2, 0.3 ಮೂರನ್ನೂ ಕೂಡಿಸಿ ನೋಡಿ. ಮೊದಲ ಎರಡನ್ನು ಮೊದಲು ಕೂಡಿಸಿದರೆ 0.6000000000000001 ಬರುತ್ತದೆ, ಕೊನೆಯ ಎರಡನ್ನು ಮೊದಲು ಕೂಡಿಸಿದರೆ 0.6. ಕ್ಲಸ್ಟರ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಬದಲಾದರೆ ಕೂಡಿಸುವ ಕ್ರಮವೂ ಬದಲು. ಹವಾಮಾನದಂಥ ಲೆಕ್ಕದಲ್ಲಿ ಆ ಕೊನೆಯ ಅಂಕಿ ದಿನ ಕಳೆದಂತೆ ಬೆಳೆದು ಬೇರೆಯದೇ ಮೋಡ ಕಟ್ಟುತ್ತದೆ.

ಹಾಗಂತ ಎಲ್ಲವನ್ನೂ ಇದರ ಮೇಲೆ ಹಾಕಬೇಡಿ. ಶುರುವಿನಲ್ಲಿ ಬೇರೆ ಬರಬಹುದಾದದ್ದು ಕೊನೆಯ ಅಂಕಿಗಳು ಮಾತ್ರ. ಒಟ್ಟು ದ್ರವ್ಯರಾಶಿ ಉಳಿದಿದೆಯೇ, ಸರಾಸರಿ ಡ್ರ್ಯಾಗ್ (ಹರಿವು ಒಡ್ಡುವ ತಡೆ) ಹೊಂದುತ್ತದೆಯೇ ಅಂತ ನೋಡಿ. ಅಲ್ಲಿ ವ್ಯತ್ಯಾಸ ಕಂಡರೆ ಕಂಪೈಲರ್‌ನ ಅತಿ ಉತ್ಸಾಹದ ಆಯ್ಕೆಗಳನ್ನು ಇಳಿಸಿ ಮತ್ತೆ ಓಡಿಸಿ.

ಇಸಿಸಿ ಮೆಮೊರಿ ಬೇಕಾ? ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಅಗ್ಗಕ್ಕೆ ಆಗುತ್ತಲ್ಲ?

2003ರಲ್ಲಿ ವರ್ಜೀನಿಯಾ ಟೆಕ್‌ನವರು ಆಪಲ್‌ನ 1,100 ಪವರ್ ಮ್ಯಾಕ್ ಜಿ5 ಜೋಡಿಸಿ ಸಿಸ್ಟಮ್ ಎಕ್ಸ್ ಕಟ್ಟಿದರು. 10.28 ಟೆರಾಫ್ಲಾಪ್ಸ್, ಟಾಪ್500ರಲ್ಲಿ ಮೂರನೇ ಜಾಗ. ಎಲ್ಲರೂ ಬೆರಗಾದರು. ಆದರೆ ಆ ಡೆಸ್ಕ್‌ಟಾಪ್‌ಗಳಲ್ಲಿ ಇಸಿಸಿ, ಅಂದರೆ ಬಿಟ್ ತಪ್ಪನ್ನು ತಾನೇ ಹಿಡಿದು ತಿದ್ದುವ ಮೆಮೊರಿ, ಇರಲಿಲ್ಲ. ಮರುವರ್ಷವೇ ಎಲ್ಲವನ್ನೂ ತೆಗೆದು ಇಸಿಸಿ ಇರುವ ಎಕ್ಸ್‌ಸರ್ವ್ ಸರ್ವರ್ ಹಾಕಿದರು. ಮೆಮೊರಿಯಲ್ಲಿ ಒಂದು ಬಿಟ್ ತಾನಾಗೇ ತಿರುಗಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಇಸಿಸಿ ಬೇಕು.

ಡಿಸ್ಕ್ ಬಗ್ಗೆ ಏನು ನೋಡಬೇಕು?

ಫೈಲ್‌ಗಳ ಗಾತ್ರಕ್ಕಿಂತ ಸಂಖ್ಯೆ ಕಾಡುತ್ತದೆ. ಓಪನ್‌ಫೋಮ್ ಮಾಮೂಲಾಗಿ ಪ್ರತಿ ಪ್ರೊಸೆಸರ್‌ಗೂ ಬೇರೆ ಫೋಲ್ಡರ್ ಮಾಡುತ್ತದೆ. 256 ಪ್ರೊಸೆಸರ್, 10 ಫೀಲ್ಡ್, 100 ಸಲ ಬರೆದರೆ 2,56,000 ಪುಟ್ಟ ಫೈಲ್. ಎಲ್ಲ ನೋಡ್‌ಗೂ ಫೈಲ್ ಹಂಚುವ ಎನ್‌ಎಫ್‌ಎಸ್ ಸರ್ವರ್ ಒಂದೇ ಇರುವ ಕಡೆ ಎಲ್ಲರ ಕೆಲಸವೂ ನಿಂತೇಹೋಗುತ್ತದೆ. ಎಲ್ಲವನ್ನೂ ಒಟ್ಟುಗೂಡಿಸುವ ಕೊಲೇಟೆಡ್ ರೀತಿಯಲ್ಲಿ ಬರೆಸಿ, ಇಲ್ಲವೇ ಪ್ರತಿ ನೋಡ್‌ಗೂ ಒಂದು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಹಾಕಿಸಿಕೊಳ್ಳಿ.

ಕರೆಂಟು, ಎಸಿ?

ಹತ್ತು ನೋಡ್, ಒಂದೊಂದು 700 ವ್ಯಾಟ್. 7 ಕಿಲೋವ್ಯಾಟ್ ಬಿಸಿ ಹೊರಗೆ ಹಾಕಲು 2 ಟನ್ ಎಸಿ ಬೇಕು, ಜೊತೆಗೆ ಒಂದು ಕೈಕೊಟ್ಟರೆ ಇನ್ನೊಂದು. ಎಸಿ, ಯುಪಿಎಸ್ ನಷ್ಟ ಎಲ್ಲ ಸೇರಿ 10.5 ಕಿಲೋವ್ಯಾಟ್ ಆಯಿತು ಅಂದುಕೊಳ್ಳಿ. ವರ್ಷಕ್ಕೆ ಸುಮಾರು 92,000 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಏಳು ಲಕ್ಷದ ಮೇಲೆ. ಐದು ವರ್ಷಕ್ಕೆ ಇನ್ನೊಂದು ಸಣ್ಣ ಕ್ಲಸ್ಟರ್ ಬರುವಷ್ಟು ದುಡ್ಡು. ಕಾಲೇಜಿನಲ್ಲಿ ಈ ಬಿಲ್ ಬೇರೆಯವರ ಟೇಬಲ್‌ಗೆ ಹೋಗುವುದರಿಂದ ಯಾರೂ ಕೇಳುವುದಿಲ್ಲ. ಸ್ವಂತ ಕಂಪನಿ ನಡೆಸುವವರು ಮಾತ್ರ ಮೊದಲ ದಿನವೇ ಕೇಳುತ್ತಾರೆ.

ಯುಪಿಎಸ್ ಬಗ್ಗೆ ಒಂದು ಮಾತು. ಯುಪಿಎಸ್ ಸರ್ವರ್‌ಗಳನ್ನು ನಡೆಸುತ್ತಿರುತ್ತದೆ, ಎಸಿ ಮಾತ್ರ ಅದರ ಮೇಲೆ ಇರುವುದಿಲ್ಲ. ಒಂದು ಭಾನುವಾರ ಕರೆಂಟು ಹೋದಾಗ ನಮ್ಮ ರೂಮು ಒಲೆಯ ಹಾಗೆ ಕಾದಿತ್ತು. ಬಿಸಿ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ಕ್ರಿಪ್ಟ್ ಮಾರನೇ ದಿನ ಬರೆದೆ.

ಟೆಂಡರ್‌ನಲ್ಲಿ ಇದನ್ನೆಲ್ಲ ಹೇಗೆ ಬರೆಯೋದು? ಎಲ್1ಗೇ ಕೊಡಬೇಕಲ್ಲ?

ಕೊಡಿ, ಆದರೆ ಎಲ್1, ಅಂದರೆ ಅತಿ ಕಡಿಮೆ ಬೆಲೆ ಹೇಳಿದವರು, ಆಗಲು ಏನು ದಾಟಬೇಕು ಅನ್ನುವುದನ್ನು ನೀವು ಬರೆಯುತ್ತೀರಿ. "64 ಕೋರ್, 256 ಜಿಬಿ" ಅಂತ ಬರೆದರೆ ಅದೇ ಸಿಗುತ್ತದೆ. "ನಾವು ಕೊಡುವ ಈ ಕೇಸ್ ನಾಲ್ಕು ನೋಡ್‌ನಲ್ಲಿ ಇಷ್ಟು ನಿಮಿಷದೊಳಗೆ ಮುಗಿಯಬೇಕು, ಸ್ಟ್ರೀಮ್ ಟ್ರಯಾಡ್ ಪ್ರತಿ ನೋಡ್‌ನಲ್ಲಿ ಇಷ್ಟಕ್ಕಿಂತ ಮೇಲಿರಬೇಕು, ಒಪ್ಪಿಕೊಳ್ಳುವ ಮುಂಚೆ ನಮ್ಮ ಜಾಗದಲ್ಲಿ ಮತ್ತೆ ತೋರಿಸಬೇಕು" ಅಂತ ಬರೆದರೆ ಮಾತುಕತೆಯೇ ಬೇರೆ. ಸಂಖ್ಯೆ ಎಲ್ಲರೂ ಮುಟ್ಟುವಂತಿರಲಿ. ಒಬ್ಬರ ಯಂತ್ರಕ್ಕೆ ಮಾತ್ರ ಹೊಂದುವಂತೆ ಬರೆದರೆ ಆಡಿಟ್‌ನವರು ಬಿಡುವುದಿಲ್ಲ, ಬಿಡಲೂಬಾರದು.

ಯಂತ್ರ ಬಂದ ಮೇಲೆ ಎಚ್‌ಪಿಎಲ್‌ಗೆ ಒಂದು ಒಳ್ಳೇ ಉಪಯೋಗ ಇದೆ. ರ‍್ಯಾಂಕ್‌ಗಲ್ಲ, ಬೆವರಿಳಿಸಲು. 256 ಜಿಬಿಯ ನಾಲ್ಕು ನೋಡ್‌ಗೆ ಮೆಮೊರಿಯ ನೂರಕ್ಕೆ 80 ಭಾಗ ತುಂಬುವಂತೆ ಮ್ಯಾಟ್ರಿಕ್ಸ್ ಗಾತ್ರ ಸುಮಾರು 3,20,000 ಇಡಿ. 7 ಟೆರಾಫ್ಲಾಪ್ಸ್ ಬಂದರೆ ಐವತ್ತು ನಿಮಿಷ ಚಿಲ್ಲರೆ ಹಿಡಿಯುತ್ತದೆ. ಅದನ್ನು ಮೂರು ದಿನ ಬಿಡದೆ ತಿರುಗಿಸಿ. ಆಮೇಲೆ ಒಂದೊಂದು ನೋಡ್‌ನಲ್ಲೂ ಬೇರೆ ಬೇರೆ ಓಡಿಸಿ ಅಂಕಿಗಳನ್ನು ಪಕ್ಕ ಪಕ್ಕ ಇಡಿ. ಒಂದು ನೋಡ್ ನಿಧಾನ ಇದ್ದರೆ ಎಲ್ಲ ನೋಡ್‌ಗಳೂ ಅದಕ್ಕೆ ಕಾಯುತ್ತವೆ. ಫ್ಯಾನ್ ಕೆಟ್ಟಿರಬಹುದು, ಬಯೋಸ್ ಸೆಟ್ಟಿಂಗ್ ಬೇರೆ ಇರಬಹುದು. ಬಿಲ್ ಪಾಸ್ ಆಗುವ ಮುಂಚೆ ಸಿಕ್ಕರೆ ಅವರು ಅದೇ ದಿನ ಓಡಿ ಬರುತ್ತಾರೆ.

ಇಷ್ಟೆಲ್ಲ ಪರೀಕ್ಷೆ ಮಾಡಲು ಯಂತ್ರ ಎಲ್ಲಿ ಸಿಗುತ್ತದೆ?

ಮಾರುವವರನ್ನೇ ಕೇಳಿ. ದೊಡ್ಡ ಸರ್ವರ್ ಕಂಪನಿಗಳ ಬಳಿ ದೂರದಿಂದ ಲಾಗಿನ್ ಆಗುವ ಪರೀಕ್ಷಾ ಯಂತ್ರಗಳಿರುತ್ತವೆ, ಕೇಳಿದವರಿಗೆ ಕೊಡುತ್ತಾರೆ. ಕ್ಲೌಡ್‌ನಲ್ಲಿ ಅದೇ ಚಿಪ್ ಇರುವ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡು ಒಂದು ನೋಡ್‌ನ ಪರೀಕ್ಷೆ ಮುಗಿಸಬಹುದು. ಬಹು ನೋಡ್ ಪರೀಕ್ಷೆಗೆ ಮಾತ್ರ ಅಲ್ಲಿನ ನೆಟ್‌ವರ್ಕ್ ನಿಮ್ಮದಲ್ಲ ಅನ್ನುವುದು ನೆನಪಿರಲಿ.

ಸಂಶೋಧನೆ ಮಾಡುವವರಿಗೆ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನ ಯಂತ್ರಗಳಿವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್‌ನದ್ದು, ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ಪರಮ್ ಯುಕ್ತಿ ಇದೆ. ಅಲ್ಲಿ ಖಾತೆ ಇರುವ ಸ್ನೇಹಿತರು ಒಬ್ಬರಾದರೂ ಸಿಗುತ್ತಾರೆ. ಅವರ ಜೊತೆ ಸೇರಿ ಮಾಡುವ ಕೆಲಸ ಇದ್ದರೆ ನಿಮ್ಮ ಕೇಸ್ 1, 2, 4, 8 ನೋಡ್‌ನಲ್ಲಿ ಹೇಗೆ ಓಡುತ್ತದೆ ಅಂತ ಅಲ್ಲೇ ತಿಳಿಯುತ್ತದೆ. ಹೋಗುವಾಗ ಮೂರು ಕೇಸ್ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ನಿಮ್ಮ ಹಳೇ ಯಂತ್ರದ ಲಾಗ್‌ಗಳನ್ನೂ ಜೊತೆಗೆ ಒಯ್ಯಿರಿ. ಹೊಸದು ಎಷ್ಟು ವೇಗ ಅಂತ ಹೇಳಲು ಹಳೆಯದು ಎಷ್ಟು ನಿಧಾನ ಇತ್ತು ಅನ್ನುವುದು ಬೇಕಾಗುತ್ತದೆ. ಅದನ್ನು ಬರೆದಿಟ್ಟವರು ನನಗೆ ಫೋನ್ ಮಾಡಿದವರಲ್ಲಿ ಇಬ್ಬರೋ ಮೂವರೋ ಅಷ್ಟೇ.